ಯೂನಿಕ್ಸ್ ಕೈಪಿಡಿಯೂ ಅದರ ದೋಷಪ್ರಕರಣವೂ

1

ಶಾಸ್ತ್ರಗ್ರಂಥವನ್ನು ಓದುವವನಿಗೆ ಸಂಶಯ ಬಂದರೆ ಕೇಳಿ ತಿಳಿಯಲು ಗುರುವುಂಟು, ಗುರುವಿಲ್ಲದಿದ್ದರೆ ವ್ಯಾಖ್ಯಾನವುಂಟು, ಅದೂ ಇಲ್ಲದಿದ್ದರೆ ಸಂದರ್ಭವನ್ನು ಹಿಡಿದು ಊಹಿಸುವ ಅವಕಾಶವಾದರೂ ಉಂಟು. ಗಣಕಯಂತ್ರದ ಮುಂದೆ ಕುಳಿತವನಿಗೆ ಈ ಸೌಕರ್ಯಗಳು ಬಹಳ ಕಾಲ ದೊರೆಯಲಿಲ್ಲ. ಯಂತ್ರವು ಬರೆದ ಅಕ್ಷರವನ್ನು ಹಿಡಿಯುತ್ತದೆಯೇ ಹೊರತು ಬರೆದವನ ಅಭಿಪ್ರಾಯವನ್ನು ಹಿಡಿಯುವುದಿಲ್ಲ. ಒಂದು ಅಕ್ಷರ ತಪ್ಪಿದರೆ ಹಲವು ದಿನಗಳ ಕೆಲಸ ಕ್ಷಣದಲ್ಲಿ ಅಳಿಸಿಹೋಗಬಹುದು. ಆದುದರಿಂದ ಇಂತಹ ಯಂತ್ರವನ್ನು ಉಪಯೋಗಿಸುವವರಿಗಾಗಿ ಬರೆದ ಕೈಪಿಡಿಯಲ್ಲಿ ಸ್ಪಷ್ಟತೆಯೆಂಬುದು ಶೈಲಿಯ ಅಲಂಕಾರವಲ್ಲ. ಅದು ಬರೆಯುವವನು ಓದುವವನಿಗೆ ತೀರಿಸಬೇಕಾದ ಋಣ.

ಯಂತ್ರದ ಸ್ಮೃತಿ, ಕಡತಗಳು, ಮುದ್ರಣಸಾಧನ ಮೊದಲಾದುವನ್ನೆಲ್ಲ ಆಳುತ್ತ, ಉಳಿದ ಪ್ರೋಗ್ರಾಂಗಳಿಗೆ ಆಧಾರವಾಗಿರುವ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅಂತಹ ವ್ಯವಸ್ಥೆಗಳಲ್ಲೊಂದಾದ ಯೂನಿಕ್ಸಿನ ಕೈಪಿಡಿಯು 1971ರಲ್ಲಿ ಮೊದಲು ಸಿದ್ಧವಾಯಿತು. ಅದರ ಪುಟರಚನೆ ಐವತ್ತು ವರ್ಷಗಳಿಗೂ ಮೀರಿ ಬಾಳಿ, ಇಂದಿನ ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿಯೂ ಉಳಿದುಬಂದಿದೆ. ಈ ದೀರ್ಘಾಯುಷ್ಯಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಅದರ ಸಂಕ್ಷೇಪ. ಸಂಕ್ಷೇಪವು ನಿಜವಾದ ಗುಣವೇ. ಆದರೆ ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಬರೆದವರು ತಮ್ಮ ಕೃತಿಯ ದೋಷಗಳನ್ನು ಅದೇ ಪುಟದಲ್ಲಿ, ಅದಕ್ಕಾಗಿಯೇ ಮೀಸಲಾದ ಸ್ಥಾನದಲ್ಲಿ, ಹೆಸರಿಟ್ಟು ಹೇಳಿದರು. ಈ ಪದ್ಧತಿ ಹೇಗೆ ಹುಟ್ಟಿತು, ಅದರಿಂದ ಬರೆಹಕ್ಕೂ ಯಂತ್ರವ್ಯವಸ್ಥೆಗೂ ಏನು ಫಲವಾಯಿತು, ಅದರ ಮಿತಿ ಎಲ್ಲಿ ಎಂಬುದೇ ಇಲ್ಲಿ ವಿಚಾರಕ್ಕೆ ಬಂದಿರುವ ವಿಷಯ.

2

ಗಣಕ ಕೈಪಿಡಿಗಳ ಪರಂಪರೆ ಯೂನಿಕ್ಸಿಗಿಂತ ಹಳೆಯದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 1 ಎಂಬ ಬೃಹದ್ಯಂತ್ರಕ್ಕೆ 1946ರಲ್ಲಿ ಐನೂರು ಪುಟಗಳನ್ನು ಮೀರಿದ ಕೈಪಿಡಿಯೊಂದು ಪ್ರಕಟವಾಯಿತು. ಅದರ ಬಹುಭಾಗವನ್ನು ಬರೆದವರು ಗ್ರೇಸ್ ಹಾಪರ್. ಮ್ಯಾಂಚೆಸ್ಟರಿನ ಯಂತ್ರಕ್ಕಾಗಿ ಆಲನ್ ಟ್ಯೂರಿಂಗರು 1951ರಲ್ಲಿ ಇನ್ನೊಂದು ಕೈಪಿಡಿಯನ್ನು ರಚಿಸಿದರು. ಆ ಯಂತ್ರದಲ್ಲಿ ಸಂಖ್ಯೆಗಳನ್ನು ಹತ್ತರ ಬದಲು ಮೂವತ್ತೆರಡನ್ನು ಮೂಲವಾಗಿಟ್ಟುಕೊಂಡು, ಟೆಲಿಪ್ರಿಂಟರಿನ ಅಕ್ಷರಗಳಿಂದ, ಅದೂ ಕಿರಿಯ ಸ್ಥಾನ ಮೊದಲಾಗಿ ಬರೆಯಬೇಕಾಗಿದ್ದಿತು. ಇಂತಹ ಕಷ್ಟವನ್ನು ಸಹಿಸಿದವರು ಬಹುತೇಕ ಗಣಿತಜ್ಞರು. ಅವರಲ್ಲಿ ಅನೇಕರು ಯಂತ್ರದ ಸಮೀಪದಲ್ಲಿಯೇ ಇದ್ದವರಾದುದರಿಂದ ಕೈಪಿಡಿಯಲ್ಲಿ ಬಿಟ್ಟುಹೋದುದನ್ನು ಬಾಯಿಮಾತಿನಲ್ಲಿ ತುಂಬಿಕೊಳ್ಳಬಹುದಾಗಿದ್ದಿತು.

1960ರ ದಶಕದಲ್ಲಿ ಈ ಪರಿಸ್ಥಿತಿ ಬದಲಾಯಿತು. ಒಂದೇ ಮಾದರಿಯ ಯಂತ್ರಗಳು ದೇಶದೇಶಗಳಿಗೆ ಮಾರಾಟವಾದುವು. ಒಂದೇ ಯಂತ್ರವನ್ನು ಅನೇಕರು ಬೇರೆ ಬೇರೆ ಕೊಠಡಿಗಳಿಂದ ಏಕಕಾಲದಲ್ಲಿ ಉಪಯೋಗಿಸುವ ಪದ್ಧತಿಯೂ ಬಂದಿತು. ಕರ್ತೃವಿಗೂ ಓದುಗನಿಗೂ ಮುಖಪರಿಚಯ ತಪ್ಪಿತು. 1964ರ ಏಪ್ರಿಲ್ 7ರಂದು ಐ.ಬಿ.ಎಂ. ಸಂಸ್ಥೆಯು ಸಿಸ್ಟಂ 360 ಎಂಬ ಯಂತ್ರಕುಲವನ್ನು ಘೋಷಿಸಿತು. ಅದರ ಆಪರೇಟಿಂಗ್ ಸಿಸ್ಟಂನ ನಿರ್ಮಾಣಕಾರ್ಯವನ್ನು ಕೆಲವು ಕಾಲ ನಡೆಸಿದ ಫ್ರೆಡರಿಕ್ ಬ್ರೂಕ್ಸರು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ಕಾರ್ಯದ ಬರೆಹಗಳ ರಾಶಿಯನ್ನು ವರ್ಣಿಸಿದ್ದಾರೆ. ನಿರ್ಮಾಪಕರು ತಮ್ಮೊಳಗೆ ಇಟ್ಟುಕೊಂಡಿದ್ದ ದಾಖಲೆಯ ಪುಸ್ತಕವು ಆರು ತಿಂಗಳೊಳಗೆ ಸುಮಾರು 5 ಅಡಿ ದಪ್ಪವಾಯಿತು. ಪ್ರತಿದಿನವೂ ಬದಲಾಯಿಸಿ ಸೇರಿಸಬೇಕಾದ ಹಾಳೆಗಳು ಸುಮಾರು 150. ಕಡೆಗೆ ಅದನ್ನು ಸೂಕ್ಷ್ಮಚಿತ್ರಗಳಿಗೆ ಇಳಿಸಬೇಕಾಯಿತು.

ಬ್ರೂಕ್ಸರು ಅದೇ ಗ್ರಂಥದಲ್ಲಿ ಕೈಪಿಡಿಯ ಲಕ್ಷಣವನ್ನೂ ಹೇಳಿದ್ದಾರೆ. ಉಪಯೋಗಿಸುವವನಿಗೆ ಕಾಣುವುದೆಲ್ಲವನ್ನೂ ಕೈಪಿಡಿ ಹೇಳಬೇಕು, ಕಾಣದುದನ್ನು ಹೇಳಬಾರದು, ಬೇಸರವಾದರೂ ಚಿಂತೆಯಿಲ್ಲ, ನಿಷ್ಕೃಷ್ಟವಾಗಿರಬೇಕು, ಒಂದೆರಡು ಲೇಖನಿಗಳಿಂದ ಮಾತ್ರ ಹೊರಡಬೇಕು ಎಂಬುದು ಅವರ ಮತದ ಸಾರ. ಈ ಮತದಲ್ಲಿ ಕೈಪಿಡಿಯು ಶಾಸನದಂತೆ. ಅದು ಮೊದಲು ನಿಶ್ಚಯವಾಗಬೇಕು. ಯಂತ್ರವನ್ನು ಕಟ್ಟುವವರು ಅದಕ್ಕೆ ವಿಧೇಯರಾಗಿರಬೇಕು. ಯೂನಿಕ್ಸ್ ಕೈಪಿಡಿಯ ಮಾರ್ಗ ಇದಕ್ಕಿಂತ ಭಿನ್ನವಾದುದು. ಅದು ಶಾಸನವಾಗಿ ಹುಟ್ಟಲಿಲ್ಲ, ಸಾಕ್ಷ್ಯವಾಗಿ ಹುಟ್ಟಿತು.

3

ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಮರ್ರೆ ಹಿಲ್ ಎಂಬಲ್ಲಿರುವ ಬೆಲ್ ಪ್ರಯೋಗಾಲಯವು 1969ರಲ್ಲಿ ಮಲ್ಟಿಕ್ಸ್ ಎಂಬ ದೊಡ್ಡ ಯೋಜನೆಯಿಂದ ಹಿಂದೆ ಸರಿಯಿತು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಅದೇ ವರ್ಷ ಪಿ.ಡಿ.ಪಿ. 7 ಎಂಬ ಚಿಕ್ಕ ಯಂತ್ರದಲ್ಲಿ ತಮ್ಮದೇ ಆದ ವ್ಯವಸ್ಥೆಯೊಂದನ್ನು ಕಟ್ಟತೊಡಗಿದರು. ಅದೇ ಯೂನಿಕ್ಸ್. ಮುಂದೆ ಪಿ.ಡಿ.ಪಿ. 11 ಎಂಬ ಹೊಸ ಯಂತ್ರ ಬೇಕಾದಾಗ, ಆಪರೇಟಿಂಗ್ ಸಿಸ್ಟಂಗಾಗಿ ಎಂದು ಕೇಳದೆ, ಲೇಖನಗಳನ್ನು ಸಿದ್ಧಪಡಿಸುವ ಸಾಧನಕ್ಕಾಗಿ ಎಂದು ಕೇಳಿ ಅವರು ಅದನ್ನು ಪಡೆದರು. ಈ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿ 1971ರ ಉತ್ತರಾರ್ಧದಲ್ಲಿ ಪ್ರಯೋಗಾಲಯದ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರಿಗೆ ಆ ಯಂತ್ರದಲ್ಲಿ ಸ್ಥಳ ಕೊಟ್ಟರು. ಅವರು ದಿನವೆಲ್ಲ ಪೇಟೆಂಟ್ ಅರ್ಜಿಗಳನ್ನು ಟೈಪು ಮಾಡುತ್ತಿದ್ದರು; ವ್ಯವಸ್ಥೆಯ ಕರ್ತೃಗಳೂ ಅದೇ ಯಂತ್ರದಲ್ಲಿ ತಮ್ಮ ಪ್ರಯೋಗಗಳನ್ನು ನಡೆಸುತ್ತಿದ್ದರು.

ಈ ಸಹವಾಸದ ಅರ್ಥವನ್ನು ಗಮನಿಸಬೇಕು. ಯಂತ್ರದ ಸ್ಮೃತಿ 24 ಸಾವಿರ ಬೈಟುಗಳು ಮಾತ್ರ. ತಟ್ಟೆಯಲ್ಲಿ ಸುಮಾರು ಅರ್ಧ ಮೆಗಾಬೈಟಿನಷ್ಟು ಸ್ಥಳ. ಒಬ್ಬನ ಪ್ರೋಗ್ರಾಂ ಇನ್ನೊಬ್ಬನ ಸ್ಮೃತಿಯನ್ನು ತುಳಿಯದಂತೆ ತಡೆಯುವ ಯಾಂತ್ರಿಕ ರಕ್ಷಣೆ ಇರಲಿಲ್ಲ. ಕರ್ತೃವಿನ ಪ್ರಯೋಗ ತಪ್ಪಿದರೆ ಇಡೀ ಯಂತ್ರ ನಿಂತು, ಪಕ್ಕದಲ್ಲಿದ್ದ ಟೈಪಿಸ್ಟರ ಕೆಲಸಕ್ಕೂ ಭಂಗ ಬರುತ್ತಿದ್ದಿತು. ವ್ಯವಸ್ಥೆಯ ದೋಷ ಯಾರ ತಲೆಯ ಮೇಲೆ ಬೀಳುತ್ತದೆಯೆಂಬುದು ಅವರಿಗೆ ಕಣ್ಣಿಗೆ ಕಾಣುವ ವಿಷಯವಾಗಿದ್ದಿತು.

ಇಂತಹ ಕಾಲದಲ್ಲಿ ಅವರ ವಿಭಾಗದ ಮುಖ್ಯಸ್ಥರಾಗಿದ್ದ ಡಗ್ಲಸ್ ಮೆಕಿಲ್ರಾಯ್ ಅವರ ಒತ್ತಾಯದಿಂದ ಥಾಂಪ್ಸನ್ನರೂ ರಿಚಿಯವರೂ ಕೈಪಿಡಿಯನ್ನು ಬರೆದರೆಂದು ಪ್ರಸಿದ್ಧಿ. ಅದರ ಮೊದಲ ಆವೃತ್ತಿಯ ದಿನಾಂಕ 1971ರ ನವೆಂಬರ್ 3. ಅದನ್ನು ಸಿದ್ಧಪಡಿಸಿದುದೂ ಅದೇ ವ್ಯವಸ್ಥೆಯ ಸಂಪಾದಕ ಪ್ರೋಗ್ರಾಂನಿಂದ ಮತ್ತು ರಾಫ್ ಎಂಬ ಪುಟವಿನ್ಯಾಸದ ಪ್ರೋಗ್ರಾಂನಿಂದ. ವ್ಯವಸ್ಥೆಯನ್ನು ವರ್ಣಿಸುವ ಗ್ರಂಥವೇ ವ್ಯವಸ್ಥೆಗೆ ಪರೀಕ್ಷೆಯೂ ಆಯಿತು. 1972ರ ಜೂನ್ ತಿಂಗಳಿನ ಎರಡನೆಯ ಆವೃತ್ತಿಯ ವೇಳೆಗೆ ಯೂನಿಕ್ಸ್ ನಡೆಯುತ್ತಿದ್ದ ಸ್ಥಳಗಳು ಹತ್ತು. ಏಳನೆಯ ಆವೃತ್ತಿ 1979ರ ಜನವರಿಯಲ್ಲಿ ಹೊರಬರುವಷ್ಟರಲ್ಲಿ ಅದು ಅನೇಕ ವಿಶ್ವವಿದ್ಯಾನಿಲಯಗಳಿಗೆ ಹಬ್ಬಿದ್ದಿತು.

ಮೊದಲ ಆವೃತ್ತಿಯ ಪೀಠಿಕೆಯಲ್ಲಿ ಕರ್ತೃಗಳು ತಮ್ಮ ಸಂಕಲ್ಪವನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಅದರ ತಾತ್ಪರ್ಯವಿಷ್ಟು: ಪ್ರತಿಯೊಂದು ಪ್ರೋಗ್ರಾಂ, ಅದರ ಪುಟವನ್ನು ಬರೆದ ದಿನ ಯಾವ ಸ್ಥಿತಿಯಲ್ಲಿದ್ದಿತೋ ಅದೇ ಸ್ಥಿತಿಯಲ್ಲಿ ವರ್ಣಿತವಾಗಿದೆ. ಹೇಗಿರಬೇಕೆಂಬುದನ್ನು ಬರೆಯುವ ಆಸೆಯನ್ನು ತಡೆದು, ಹೇಗಿದೆಯೆಂಬುದನ್ನೇ ಬರೆದಿದೆ. ಇದರಿಂದ ಹಲವು ಪುಟಗಳು ಬೇಗನೆ ಹಳತಾಗುವುದು ಅನಿವಾರ್ಯ. ಇದು ಸಣ್ಣ ಸಂಕಲ್ಪವಲ್ಲ. ತನ್ನ ಕೃತಿಯನ್ನು ವರ್ಣಿಸುವವನಿಗೆ, ನಾಳೆ ತಿದ್ದಲಿರುವುದನ್ನು ಇಂದೇ ತಿದ್ದಿದಂತೆ ಬರೆಯುವುದು ಸುಲಭ. ಆದರೆ ಓದುವವನು ಇಂದಿನ ಯಂತ್ರದ ಮುಂದೆ ಕುಳಿತಿರುತ್ತಾನೆ, ನಾಳೆಯ ಯಂತ್ರದ ಮುಂದಲ್ಲ.

4

ಕೈಪಿಡಿಯನ್ನು ಆಜ್ಞೆಗಳು, ವ್ಯವಸ್ಥೆಯ ಕರೆಗಳು, ಉಪಪ್ರೋಗ್ರಾಂಗಳು, ವಿಶೇಷ ಕಡತಗಳು, ಕಡತಗಳ ರೂಪ, ಬಳಕೆದಾರರೇ ಪೋಷಿಸುವ ಪ್ರೋಗ್ರಾಂಗಳು, ಇತರ ವಿಷಯಗಳು ಎಂದು ಏಳು ಭಾಗಗಳಾಗಿ ವಿಂಗಡಿಸಿದ್ದಿತು. ಒಂದೊಂದು ವಿಷಯಕ್ಕೂ ಪ್ರತ್ಯೇಕವಾದ ಪುಟ. ಪುಟಗಳೆಲ್ಲವೂ ಒಂದೇ ಅಚ್ಚಿನವು. ಮೊದಲು ಹೆಸರು, ಅದರೊಡನೆ ಒಂದು ಸಾಲಿನ ಅರ್ಥ, ಬಳಿಕ ಪ್ರಯೋಗರೂಪ, ಬಳಿಕ ವಿವರಣೆ, ಸಂಬಂಧಪಟ್ಟ ಕಡತಗಳು, ನೋಡಬೇಕಾದ ಇತರ ಪುಟಗಳು, ಯಂತ್ರವು ಕೊಡಬಹುದಾದ ದೋಷಸೂಚನೆಗಳು, ಬಗ್ಸ್ ಎಂಬ ಶೀರ್ಷಿಕೆಯ ಕೆಳಗೆ ತಿಳಿದಿರುವ ದೋಷಗಳು, ಕಡೆಯಲ್ಲಿ ಒಡೆಯನ ಹೆಸರು.

ಕನ್ನಡ ವ್ಯಾಕರಣಗಳನ್ನು ಬಲ್ಲವರಿಗೆ ಈ ಕ್ರಮ ತೀರ ಅಪರಿಚಿತವೆನಿಸದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕಂದಪದ್ಯದ ಸೂತ್ರ, ಅದಕ್ಕೆ ವೃತ್ತಿ, ಅನಂತರ ಪ್ರಯೋಗ ಎಂಬ ಅನುಕ್ರಮವನ್ನು ಪಾಲಿಸಿದ್ದಾನೆ. ಯೂನಿಕ್ಸಿನ ಪುಟದಲ್ಲಿ ಪ್ರಯೋಗರೂಪವು ಸೂತ್ರಸ್ಥಾನದಲ್ಲಿದೆ, ವಿವರಣೆಯು ವೃತ್ತಿಯ ಸ್ಥಾನದಲ್ಲಿದೆ. ಇವೆರಡಕ್ಕೂ ಚಾರಿತ್ರಿಕ ಸಂಬಂಧವೇನೂ ಇಲ್ಲ. ಅಲ್ಪಾಕ್ಷರದಿಂದ ಅಸಂದಿಗ್ಧಾರ್ಥವನ್ನು ಸಾಧಿಸಬೇಕೆಂಬ ಒಂದೇ ಅಗತ್ಯದಿಂದ ಒಂದೇ ಬಗೆಯ ರೂಪ ಹುಟ್ಟಿದೆ. ಸೂತ್ರಕ್ಕೆ ಪರಿಭಾಷೆ ಬೇಕಾಗುವಂತೆ ಇಲ್ಲಿಯೂ ಪೀಠಿಕೆಯಲ್ಲಿ ಪರಿಭಾಷೆಯನ್ನು ಒಮ್ಮೆ ಹೇಳಿ ಮುಗಿಸಿದೆ. ಅಡಿಗೆರೆ ಎಳೆದುದನ್ನು ಇದ್ದಂತೆಯೇ ಟೈಪು ಮಾಡಬೇಕು. ಚೌಕ ಕಂಸದೊಳಗಿನದು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಚುಕ್ಕಿಗಳ ಸಾಲು ಬಂದರೆ ಹಿಂದಿನ ಪದವು ಪುನರಾವೃತ್ತಿಯಾಗಬಹುದು. ಇಷ್ಟನ್ನು ಕಲಿತವನು ಯಾವ ಪುಟವನ್ನು ತೆರೆದರೂ ತನಗೆ ಬೇಕಾದುದು ಎಲ್ಲಿದೆಯೆಂದು ಹುಡುಕಬೇಕಾದುದಿಲ್ಲ.

ಒಡೆಯನೆಂಬ ಶೀರ್ಷಿಕೆಯಲ್ಲಿ, ತೊಂದರೆಯಾದರೆ ಯಾರನ್ನು ಕೇಳಬೇಕೆಂಬುದು ಮೊಟಕು ಹೆಸರಿನಿಂದ ಸೂಚಿತವಾಗಿದ್ದಿತು. ಪ್ರೋಗ್ರಾಂನ್ನು ಕಟ್ಟಕಡೆಗೆ ತಿದ್ದಿದವನೇ ಅದರ ಒಡೆಯ, ಮೊದಲು ಬರೆದವನೇ ಆಗಿರಬೇಕಾಗಿಲ್ಲ ಎಂಬುದು ನಿಯಮ. ಕೈಯಿಟ್ಟವನೇ ಉತ್ತರ ಹೇಳಬೇಕೆಂಬುದು ಇದರ ಅರ್ಥ. ಉಪಯೋಗಿಸುವವರು ಹೆಚ್ಚಿದಂತೆ ಈ ಶೀರ್ಷಿಕೆ ಮುಂದಿನ ಆವೃತ್ತಿಗಳಲ್ಲಿ ಬಿಟ್ಟುಹೋಯಿತು. ದೋಷಪ್ರಕರಣ ಮಾತ್ರ ಉಳಿಯಿತು.

5

ಗ್ರಂಥದಲ್ಲಿ ದೋಷವಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂಬ ಪ್ರಾರ್ಥನೆ ಕನ್ನಡ ಕಾವ್ಯಗಳಿಗೂ ಶಾಸ್ತ್ರಗಳಿಗೂ ಹೊಸದಲ್ಲ. ಅದು ವಿನಯದ ಮಾತು. ದೋಷ ಯಾವುದೆಂದು ಅಲ್ಲಿ ಹೇಳುವುದಿಲ್ಲ. ಯೂನಿಕ್ಸ್ ಕೈಪಿಡಿಯ ದೋಷಪ್ರಕರಣದಲ್ಲಿ ವಿನಯದ ಮಾತಿಲ್ಲ. ಇಂತಹ ಆಜ್ಞೆಯನ್ನು ಇಂತಹ ರೀತಿಯಲ್ಲಿ ಕೊಟ್ಟರೆ ಇಂತಹ ಕೇಡಾಗುತ್ತದೆಯೆಂಬ ನಿರ್ದೇಶವಿದೆ.

1979ರ ಆವೃತ್ತಿಯಲ್ಲಿ ಕ್ಯಾಟ್ ಎಂಬ ಆಜ್ಞೆಯ ಪುಟವನ್ನು ಉದಾಹರಣೆಯಾಗಿ ನೋಡಬಹುದು. ಕಡತಗಳನ್ನು ಒಂದರ ಮುಂದೊಂದು ಜೋಡಿಸಿ ಹೊರಗೆ ಕಳುಹಿಸುವುದು ಅದರ ಕೆಲಸ. ಎರಡು ಕಡತಗಳನ್ನು ಜೋಡಿಸಿ ಅವುಗಳಲ್ಲಿ ಮೊದಲನೆಯದರಲ್ಲಿಯೇ ಫಲವನ್ನು ಇಡಬೇಕೆಂದು ಒಬ್ಬನು ಬಯಸುವುದು ಸಹಜ. ಹಾಗೆ ಆಜ್ಞೆ ಕೊಟ್ಟರೆ ವ್ಯವಸ್ಥೆಯು ಫಲವನ್ನು ಬರೆಯುವುದಕ್ಕಾಗಿ ಮೊದಲನೆಯ ಕಡತವನ್ನು ಬರಿದು ಮಾಡಿ, ಆಮೇಲೆ ಓದಲು ತೊಡಗುತ್ತದೆ. ಅಷ್ಟರಲ್ಲಿ ಓದಬೇಕಾದುದೇ ನಾಶವಾಗಿರುತ್ತದೆ. ಎರಡನೆಯ ಕಡತದಲ್ಲಿ ಇಡಹೊರಟರೂ ಅದೇ ಗತಿ. ಆ ಪುಟದ ದೋಷಪ್ರಕರಣವು ಈ ಎರಡು ರೂಪಗಳನ್ನೂ ಬರೆದು ತೋರಿಸಿ, ಎಚ್ಚರವಾಗಿರಬೇಕೆಂದು ಒಂದೇ ವಾಕ್ಯದಲ್ಲಿ ಹೇಳುತ್ತದೆ. ಜೋಡಣೆಯ ಸಾಮರ್ಥ್ಯವನ್ನು ಮಾತ್ರ ವರ್ಣಿಸಿ ಇದನ್ನು ಬಿಟ್ಟಿದ್ದರೆ ಆ ಪುಟದಲ್ಲಿ ಸುಳ್ಳೊಂದೂ ಇರುತ್ತಿರಲಿಲ್ಲ. ಆದರೂ ಅದನ್ನು ನಂಬಿದವನು ತನ್ನ ಬರೆಹವನ್ನು ಕಳೆದುಕೊಳ್ಳುತ್ತಿದ್ದನು. ಸತ್ಯವನ್ನು ಹೇಳುವುದಕ್ಕೂ ಸಾಕಷ್ಟು ಸತ್ಯವನ್ನು ಹೇಳುವುದಕ್ಕೂ ಇರುವ ಅಂತರವು ಇಲ್ಲಿ ವಿಶದವಾಗುತ್ತದೆ.

ದೋಷಪ್ರಕರಣದ ಫಲ ಓದುಗರಿಗೆ ಮಾತ್ರವಲ್ಲ, ಕರ್ತೃಗಳಿಗೂ ದೊರೆಯಿತು. ರಿಚಿಯವರು ಹಲವು ವರ್ಷಗಳ ಮೇಲೆ ಇದನ್ನು ಸ್ಮರಿಸಿಕೊಂಡು ಹೇಳಿರುವುದು ಗಮನಾರ್ಹವಾಗಿದೆ. ಒಂದೊಂದು ಆವೃತ್ತಿಯನ್ನು ಸಿದ್ಧಪಡಿಸುವಾಗಲೂ ದೋಷಗಳನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದುದರಿಂದ ನಾಚಿಕೆಯಾಗಿ, ಅಸಂಖ್ಯ ದೋಷಗಳನ್ನು ಪ್ರದರ್ಶಿಸುವ ಬದಲು ತಿದ್ದಿಯೇಬಿಟ್ಟರಂತೆ. ದೋಷವನ್ನು ಬರೆಯಲು ಕುಳಿತು, ಇದನ್ನು ಬರೆಯಲಾರೆನೆಂದು ಎದ್ದು ಪ್ರೋಗ್ರಾಂನ್ನೇ ಸರಿಪಡಿಸಿದ ಸಂದರ್ಭಗಳು ಅವರಿಗೆ ಚೆನ್ನಾಗಿ ನೆನಪಿದ್ದುವು. ಲೇಖನಿಯು ಕೃತಿಯನ್ನು ವರ್ಣಿಸುವುದಷ್ಟೇ ಅಲ್ಲದೆ ಕೃತಿಯನ್ನು ತಿದ್ದಿತು. ಯಾವ ಗುಣವನ್ನು ಸರಳವಾಗಿ ವಿವರಿಸಲು ಆಗುವುದಿಲ್ಲವೋ ಅದು ಬಹುಶಃ ಸರಳವಾಗಿ ಕಟ್ಟಿದುದೂ ಅಲ್ಲವೆಂಬ ತಿಳಿವಳಿಕೆ ಇದರಿಂದ ಬೆಳೆಯಿತು.

ಇದು ಸಾಧ್ಯವಾದುದು ಕಟ್ಟಿದವನೂ ಬರೆದವನೂ ಒಬ್ಬನೇ ಆಗಿದ್ದುದರಿಂದ. ಬರೆಯುವವನು ಬೇರೆ, ಕಟ್ಟುವವನು ಬೇರೆ ಆದಲ್ಲಿ ಬರೆಯುವವನಿಗೆ ದೋಷ ತಿಳಿಯದು. ತಿಳಿದರೂ ತಿದ್ದುವ ಅಧಿಕಾರವಿರದು. ಕೆಲವು ವೇಳೆ ಹೇಳುವ ಸ್ವಾತಂತ್ರ್ಯವೂ ಇರದು. ಆಗ ಅವನಿಗೆ ಉಳಿಯುವುದು ವಾಕ್ಯಗಳನ್ನು ನಯಗೊಳಿಸುವ ಕೆಲಸ ಮಾತ್ರ.

6

ಈ ಪದ್ಧತಿಯ ಮಿತಿಯನ್ನೂ ಹೇಳದಿದ್ದರೆ ವಿಚಾರ ಪೂರ್ಣವಾಗದು. ಕೈಪಿಡಿಯ ಪುಟಗಳು ಬಲ್ಲವರು ಬಲ್ಲವರಿಗಾಗಿ ಬರೆದುವು. ಆಜ್ಞೆಯ ಹೆಸರು ತಿಳಿದವನಿಗೆ ಪುಟವು ತಕ್ಷಣ ಉಪಕರಿಸುತ್ತದೆ. ಮಾಡಬೇಕಾದ ಕೆಲಸ ತಿಳಿದು ಆಜ್ಞೆಯ ಹೆಸರು ತಿಳಿಯದವನು ಅದನ್ನು ಎಲ್ಲಿ ತೆರೆಯಬೇಕು? ಹೆಸರಿನ ಸಾಲಿನ ಪ್ರತಿಯೊಂದು ಮುಖ್ಯಪದವನ್ನೂ ಅಕಾರಾದಿಯಲ್ಲಿ ಇಟ್ಟ ಸೂಚಿಯನ್ನು ಸೇರಿಸಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿದರು. ಉದಾಹರಣೆಗಳು ಮಾತ್ರ ವಿರಳವಾಗಿಯೇ ಇದ್ದುವು. ಸೂತ್ರವೂ ವೃತ್ತಿಯೂ ಇದ್ದು ಪ್ರಯೋಗವಿಲ್ಲದ ವ್ಯಾಕರಣದಂತೆ ಅವು ಹೊಸಬರಿಗೆ ಕಠಿನವಾದುವು.

ಕರ್ತೃಗಳ ಗುಂಪಿನಲ್ಲಿಯೇ ಇದನ್ನು ಮನಗಂಡವರಿದ್ದರು. ಬ್ರಯನ್ ಕರ್ನಿಘನ್ ಅವರು ಹೊಸಬರಿಗಾಗಿ ಯೂನಿಕ್ಸ್ ಪ್ರವೇಶಿಕೆಯೊಂದನ್ನೂ ಸಂಪಾದಕ ಪ್ರೋಗ್ರಾಂನ ಪಾಠಗಳನ್ನೂ ಬರೆದರು. ಇವು 1979ರ ಕೈಪಿಡಿಯ ಎರಡನೆಯ ಸಂಪುಟದಲ್ಲಿ ಸೇರಿದುವು. ಹೀಗೆ ಕಲಿಯುವವನ ಪುಸ್ತಕ ಬೇರೆ, ತೆರೆದು ನೋಡುವವನ ಪುಸ್ತಕ ಬೇರೆ ಎಂಬ ವಿಭಾಗ ಏರ್ಪಟ್ಟಿತು. ಆದರೂ ಅಸಮಾಧಾನ ಅಡಗಲಿಲ್ಲ. ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ನಾರ್ಮನ್ನರು 1981ರಲ್ಲಿ ಡೇಟಾಮೇಷನ್ ಪತ್ರಿಕೆಯಲ್ಲಿ ಯೂನಿಕ್ಸನ್ನು ತೀವ್ರವಾಗಿ ಟೀಕಿಸಿದರು. ವ್ಯವಸ್ಥೆಯ ರಚನೆಯನ್ನು ಮೆಚ್ಚಿಯೂ, ಆಜ್ಞೆಗಳ ಹೆಸರುಗಳಿಗೂ ಅರ್ಥಕ್ಕೂ ಸಂಬಂಧವಿಲ್ಲ, ಯಂತ್ರವು ಮೌನಿಯಾಗಿದೆ, ಸಾಮಾನ್ಯನ ವಿಷಯದಲ್ಲಿ ಅದಕ್ಕೆ ದಯೆಯಿಲ್ಲ ಎಂದು ಅವರು ಆಕ್ಷೇಪಿಸಿದರು. ಈ ಆಕ್ಷೇಪದಲ್ಲಿ ತಥ್ಯವಿದೆ. ಹೆಸರಿಡುವಲ್ಲಿ ಆದ ತಪ್ಪನ್ನು ಎಷ್ಟು ನಿಷ್ಕೃಷ್ಟವಾದ ಪುಟವೂ ಪೂರ್ತಿಯಾಗಿ ಪರಿಹರಿಸಲಾರದು.

ಅದೇ ಪ್ರಯೋಗಾಲಯದಲ್ಲಿ ಲೊರಿಂಡಾ ಚೆರಿ ಮೊದಲಾದವರು ಬರೆಹವನ್ನು ಪರೀಕ್ಷಿಸುವ ಪ್ರೋಗ್ರಾಂಗಳನ್ನು ರಚಿಸಿದರು. ವಾಕ್ಯಗಳ ಉದ್ದ, ಕರ್ಮಣಿಪ್ರಯೋಗಗಳ ಪ್ರಮಾಣ, ಸವೆದ ನುಡಿಗಟ್ಟುಗಳು ಮೊದಲಾದುವನ್ನು ಅವು ಎಣಿಸಿ ತೋರಿಸುತ್ತಿದ್ದುವು. ಬರೆಯುವವನಿಗೆ ಇದರಿಂದ ಉಪಕಾರವಾಯಿತೆಂಬುದು ನಿಸ್ಸಂದೇಹ. ಆದರೆ ಚಿಕ್ಕದಾದ, ಸುಲಲಿತವಾದ, ಕರ್ತರಿಪ್ರಯೋಗದ ವಾಕ್ಯವೂ ಸುಳ್ಳಾಗಿರಬಹುದು. ಒಂದು ವಾಕ್ಯ ಯಂತ್ರದ ನಡತೆಗೆ ಹೊಂದುತ್ತದೆಯೇ ಎಂಬುದನ್ನು ವಾಕ್ಯವನ್ನು ನೋಡಿ ತಿಳಿಯಲಾಗದು. ಆಜ್ಞೆಯನ್ನು ನಡೆಸಿಯೇ ನೋಡಬೇಕು.

7

ಯೂನಿಕ್ಸ್ ವ್ಯಾಪಾರದ ಸರಕಾದ ಮೇಲೆ ದೋಷಪ್ರಕರಣಕ್ಕೆ ಸಂಕೋಚ ತಗಲಿತು. ವಾಣಿಜ್ಯ ಆವೃತ್ತಿಗಳ ಪುಟಗಳಲ್ಲಿ ಸೂಚನೆ, ಎಚ್ಚರಿಕೆ ಎಂಬ ಅರ್ಥದ ಮೃದುತರ ಶೀರ್ಷಿಕೆಗಳೂ ಕಾಣಿಸಿಕೊಂಡುವು. ಇನ್ನೊಂದೆಡೆ, ಒಂದೇ ಹೆಸರಿನ ಆಜ್ಞೆ ಬೇರೆ ಬೇರೆ ಸಂಸ್ಥೆಗಳ ವ್ಯವಸ್ಥೆಗಳಲ್ಲಿ ಬೇರೆ ಬೇರೆಯಾಗಿ ನಡೆಯತೊಡಗಿದಾಗ, ಎಲ್ಲರಿಗೂ ಸಮಾನವಾದ ನಿಯಮ ಬೇಕಾಯಿತು. 1988ರಲ್ಲಿ ಪೋಸಿಕ್ಸ್ ಎಂಬ ಮಾನಕ ಪ್ರಕಟವಾಯಿತು. ಅದು ಹೇಗಿರಬೇಕೆಂಬುದನ್ನು ವಿಧಿಸುವ ಗ್ರಂಥ. ಅಲ್ಲಿಂದ ಮುಂದೆ ಶಾಸನಕ್ಕೂ ಸಾಕ್ಷ್ಯಕ್ಕೂ ಪ್ರತ್ಯೇಕ ಸ್ಥಾನಗಳು ದೊರೆತುವು. ಇಂದಿನ ಲಿನಕ್ಸ್, ಬಿ.ಎಸ್.ಡಿ. ವ್ಯವಸ್ಥೆಗಳ ಅನೇಕ ಪುಟಗಳಲ್ಲಿ ಪ್ರೋಗ್ರಾಂ ಯಾವ ಮಾನಕವನ್ನು ಅನುಸರಿಸುತ್ತದೆ, ಎಲ್ಲಿ ಅದನ್ನು ಮೀರುತ್ತದೆಯೆಂಬುದನ್ನು ಹೇಳಲು ಒಂದು ಶೀರ್ಷಿಕೆ, ದೋಷಗಳನ್ನು ಹೇಳಲು ಇನ್ನೊಂದು ಶೀರ್ಷಿಕೆ, ಉದಾಹರಣೆಗಳಿಗೆ ಮತ್ತೊಂದು ಶೀರ್ಷಿಕೆ ಇವೆ. ಹಿಂದೆ ಇಲ್ಲದಿದ್ದ ಪ್ರಯೋಗಭಾಗವೂ ಹೀಗೆ ಸೇರಿಕೊಂಡಿದೆ. ಓಪನ್ ಬಿ.ಎಸ್.ಡಿ. ಎಂಬ ವ್ಯವಸ್ಥೆಯ ನಿರ್ಮಾಪಕರಂತೂ ಕೈಪಿಡಿಯ ತಪ್ಪನ್ನು ಪ್ರೋಗ್ರಾಂನ ತಪ್ಪಿನಷ್ಟೇ ಗಂಭೀರವೆಂದು ಎಣಿಸುತ್ತಾರೆ.

ಮೆಕಿಲ್ರಾಯ್ ಅವರು 1971ರಿಂದ 1986ರವರೆಗಿನ ಕೈಪಿಡಿಗಳ ಆಯ್ದ ಭಾಗಗಳಿಗೆ ಟಿಪ್ಪಣಿ ಬರೆದು 1987ರಲ್ಲಿ ಸಂಕಲನವೊಂದನ್ನು ಸಿದ್ಧಪಡಿಸಿದರು. ಪಾಠಾಂತರಗಳನ್ನು ಹೋಲಿಸಿ ಕೃತಿಯೊಂದರ ಬೆಳವಣಿಗೆಯನ್ನು ಗುರುತಿಸುವ ಸಂಪಾದಕನ ಕೆಲಸಕ್ಕೆ ಇದು ಸಮಾನವಾದುದು. ಆವೃತ್ತಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ, ಒಂದು ಆವೃತ್ತಿಯ ದೋಷಪ್ರಕರಣದಲ್ಲಿದ್ದ ಸಾಲು ಮುಂದಿನದರಲ್ಲಿ ಇಲ್ಲದಿದ್ದರೆ, ಆ ಖಾಲಿ ಸ್ಥಳಕ್ಕೂ ಒಂದು ಚರಿತ್ರೆಯಿರಬಹುದು. ಅಲ್ಲಿ ಯಾರೋ ನಾಚಿ, ಎದ್ದು ಹೋಗಿ, ಕೆಲಸವನ್ನು ಸರಿಪಡಿಸಿದ್ದಾರೆ. ಕೈಪಿಡಿಯ ನಿಷ್ಕೃಷ್ಟತೆ ಪದಗಳ ಆಯ್ಕೆಯಿಂದ ಮಾತ್ರ ಬಂದುದಲ್ಲ. ಇದ್ದುದನ್ನು ಇದ್ದಂತೆ ಬರೆಯುವ ಸಂಕಲ್ಪ, ಬರೆದುದಕ್ಕೆ ತಾನೇ ಹೊಣೆಯಾಗುವ ನಿಯಮ, ಬರೆಯಲು ನಾಚಿಕೆಯಾದುದನ್ನು ತಿದ್ದುವ ಅಧಿಕಾರ, ಈ ಮೂರೂ ಒಂದೆಡೆ ಕೂಡಿದ್ದುದರಿಂದ ಅದು ಬಂದಿತು.